ನಂದಿ ಬೆಟ್ಟದ ಮಾರನೇ ದಿನ

ಸೋಮವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ನನ್ನ ಗ್ಯಾರೇಜಿಗೆ ಕ್ಲಚ್ ಸುಟ್ಟ ವಾಸನೆಯ ಕಾರು ಒಂದಾದರೂ ಬರುತ್ತದೆ. ಬಾನೆಟ್ ಎತ್ತುವ ಮೊದಲೇ ಕೇಳುತ್ತೇನೆ, ‘ನಿನ್ನೆ ನಂದಿ ಬೆಟ್ಟಕ್ಕೆ ಹೋಗಿದ್ರಾ?’

‘ಹೂಂ ಅಣ್ಣ, ನಿಮಗೆ ಹೇಗೆ ಗೊತ್ತಾಯ್ತು?’

ಮೂಗಿದೆಯಲ್ಲ!

ಸೂರ್ಯೋದಯ ನೋಡಲು ಎಲ್ಲರೂ ಒಂದೇ ಹೊತ್ತಿಗೆ ಬೆಟ್ಟ ಹತ್ತುತ್ತಾರೆ. ತಿರುವುಗಳಲ್ಲಿ ಗಾಡಿಗಳು ಸಾಲುಗಟ್ಟುತ್ತವೆ. ಆಗ ನಮ್ಮವರು ಹ್ಯಾಂಡ್‌ಬ್ರೇಕ್ ಮುಟ್ಟುವುದಿಲ್ಲ. ಕ್ಲಚ್ ಅರ್ಧ ಬಿಟ್ಟು, ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಗಾಡಿ ಹಿಂದಕ್ಕೆ ಜಾರದಂತೆ ಹಿಡಿದುಕೊಳ್ಳುತ್ತಾರೆ. ಅದನ್ನೇ ಜಾಣ ಡ್ರೈವಿಂಗ್ ಅಂತ ಬೇರೆ ಅಂದುಕೊಂಡಿರುತ್ತಾರೆ.

ನೂರು ಸಲ ಹೇಳಿದ್ದೇನೆ, ಇನ್ನೊಂದು ಸಲ ಹೇಳುತ್ತೇನೆ. ಫ್ಲೈವೀಲ್ ಅನ್ನೋ ಭಾರದ ಲೋಹದ ಚಕ್ರ ಇಂಜಿನ್ ಜೊತೆ ತಿರುಗುತ್ತದೆ. ಕ್ಲಚ್ ಪ್ಲೇಟ್ ಗೇರ್‌ಬಾಕ್ಸ್ ಕಡೆಯದು. ಪೆಡಲ್ ಪೂರ್ತಿ ಬಿಟ್ಟರೆ ಎರಡೂ ಕಚ್ಚಿಕೊಂಡು ಒಟ್ಟಿಗೆ ತಿರುಗುತ್ತವೆ, ಸವೆತವಿಲ್ಲ. ಪೂರ್ತಿ ಒತ್ತಿದರೆ ಬೇರೆಯಾಗುತ್ತವೆ, ಆಗಲೂ ಪ್ಲೇಟ್ ಸವೆಯುವುದಿಲ್ಲ. ಕೇಡೆಲ್ಲ ಆ ನಡುವಿನ ಹಾಫ್ ಕ್ಲಚ್‌ನಲ್ಲಿದೆ. ಗೇರ್‌ನಲ್ಲಿರುವ ಗಾಡಿ ನಿಂತಿದೆ ಅಂದರೆ ಪ್ಲೇಟೂ ನಿಂತಿದೆ. ಇಂಜಿನ್ 1500 ಆರ್‌ಪಿಎಂನಲ್ಲಿದ್ದರೆ, ಅಂದರೆ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ, ಫ್ಲೈವೀಲ್ ಸೆಕೆಂಡಿಗೆ 25 ಸುತ್ತು ಆ ಪ್ಲೇಟನ್ನು ಉಜ್ಜುತ್ತಿರುತ್ತದೆ. ಕುಡುಗೋಲಿಗೆ ಸಾಣೆ ಹಿಡಿದ ಹಾಗೆ. ಗಾಡಿ ಒಂದಡಿ ಕದಲಿಲ್ಲ, ನಿಮ್ಮ ಪ್ಲೇಟ್ ಮಾತ್ರ ಪುಡಿಯಾಗುತ್ತಿದೆ.

ಕಾವು ಜಾಸ್ತಿಯಾದರೆ ಫ್ಲೈವೀಲ್ ಮೇಲೆ ನೀಲಿ ಕಲೆ ಬೀಳುತ್ತದೆ, ಕೂದಲೆಳೆಯ ಬಿರುಕು ಕಾಣಿಸುತ್ತದೆ. ‘ಬರೀ ಪ್ಲೇಟ್ ಹಾಕಿ ಸಾಕು’ ಅನ್ನುತ್ತಾರೆ. ಹಾಕಬಹುದು. ಆದರೆ ಕೆಟ್ಟ ಫ್ಲೈವೀಲ್ ಮೇಲೆ ಹೊಸ ಪ್ಲೇಟ್ ಕೂತರೆ ಗಾಡಿ ಹೊರಡಿಸುವಾಗ ನಡುಗುತ್ತದೆ. ಆಮೇಲೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು, ಮತ್ತೆ ಅದೇ ಮಜೂರಿ. ಕೆಲವು ಡೀಸೆಲ್ ಕಾರುಗಳಲ್ಲಿ ಒಳಗೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಅದು ಹೋದರೆ ಬಿಲ್ ನೋಡಿ ಅಳಬೇಡಿ.

ಎಲ್ಲ ತಪ್ಪೂ ಕಾಲಿನದೇ ಅಂತ ನಾನು ಹೇಳುತ್ತಿಲ್ಲ. ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಗುಲಿರಬಹುದು, ಕೇಬಲ್ ಬಿಗಿಯಾಗಿರಬಹುದು. ಬಿಚ್ಚಿ ನೋಡದೆ ಯಾವ ಮೆಕ್ಯಾನಿಕ್ಕೂ ಖಚಿತವಾಗಿ ಹೇಳಬಾರದು. ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕೂಗು ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅನುಮಾನ ಪಡಿ.

ನಮ್ಮೂರ ನಿವೃತ್ತ ಮೇಷ್ಟ್ರೊಬ್ಬರು ಒಂದೇ ಕ್ಲಚ್‌ನಲ್ಲಿ 1,10,000 ಕಿಲೋಮೀಟರ್ ಓಡಿಸಿದರು. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡಿನ ಚೀಲ ಹೇರಿಕೊಂಡು ಹೋಗುತ್ತಿದ್ದ ಗಾಡಿಯೇ ಅದು. ಹೊಸ ಕ್ಲಚ್ ಹಾಕಿಸಿ ಮಗನ ಕೈಗೆ ಕೊಟ್ಟರು. 28,000 ಕಿಲೋಮೀಟರಿಗೆ ಅದೂ ಮುಗಿಯಿತು. ‘ಪಾರ್ಟೇ ಸರಿಯಿಲ್ಲ ಅಣ್ಣ’ ಅಂದ ಮಗ. ಮೇಷ್ಟ್ರು ಕನ್ನಡಕದ ಮೇಲಿಂದ ಅವನ ಎಡಗಾಲನ್ನೇ ನೋಡಿದರು, ಏನೂ ಹೇಳಲಿಲ್ಲ. ಈಗ ಬೆಟ್ಟಕ್ಕೆ ಹೊರಟರೆ ತಾವೂ ಹತ್ತಿಕೊಳ್ಳುತ್ತಾರಂತೆ. ಗಾಡಿ ನಿಂತಾಗಲೆಲ್ಲ ಹಿಂದಿನ ಸೀಟಿನಿಂದ ‘ಹ್ಯಾಂಡ್‌ಬ್ರೇಕ್ ಎಳಿಯೋ!’ ಅಂತ ಕೂಗುತ್ತಾರಂತೆ. ಮಗ ನನ್ನ ಹತ್ತಿರ ಬಂದು ದೂರು ಹೇಳಿದ.