ನೋಟಿಗೆ ಅಂಟಿದ ಗಾಜಿನ ಪಾಚಿ

ಡಿ.ಬಿ. ಕೂಪರ್ ಯಾರು ಎಂದು ಕೇಳುವವರಿಗೆ ಲೆಕ್ಕವೇ ಇಲ್ಲ. ಅವನ ಹಣ ವರ್ಷದ ಯಾವ ಕಾಲದಲ್ಲಿ ನೀರಿಗೆ ಬಿತ್ತು ಎಂದು ಕೇಳಿದವರು ತೀರಾ ಕಡಿಮೆ. ನನಗೆ ಈ ಎರಡನೆಯ ಪ್ರಶ್ನೆಯೇ ಇಷ್ಟ. ಮೊದಲನೆಯದಕ್ಕೆ ಐವತ್ತು ವರ್ಷಗಳಿಂದ ಬರೀ ಊಹೆಗಳು ಬರುತ್ತಿವೆ. ಎರಡನೆಯದಕ್ಕೆ ಒಂದು ಉತ್ತರ ಸಿಕ್ಕಿದೆ, ಅದೂ ಕಣ್ಣಿಗೆ ಕಾಣದ ಪಾಚಿಯಿಂದ.

ಕಥೆ ಬಹಳ ಜನರಿಗೆ ಗೊತ್ತು, ಬೇಗ ಹೇಳಿಬಿಡುತ್ತೇನೆ. 1971ರ ನವೆಂಬರ್ 24ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ಸಿಯಾಟಲ್‌ಗೆ ಹೊರಟ ನಾರ್ತ್‌ವೆಸ್ಟ್ ಓರಿಯೆಂಟ್ ವಿಮಾನವನ್ನು ಒಬ್ಬ ಪ್ರಯಾಣಿಕ ಅಪಹರಿಸಿದ. ಟಿಕೆಟ್‌ನಲ್ಲಿ ಹೆಸರು ಡ್ಯಾನ್ ಕೂಪರ್. ಡಿ.ಬಿ. ಎನ್ನುವುದು ಆಮೇಲೆ ಪತ್ರಿಕೆಗಳ ತಪ್ಪಿನಿಂದ ಅಂಟಿಕೊಂಡಿತು. ಬ್ರೀಫ್‌ಕೇಸ್‌ನಲ್ಲಿ ಬಾಂಬ್ ಇದೆ ಎಂದು ಹೆದರಿಸಿ 2 ಲಕ್ಷ ಡಾಲರ್ ಮತ್ತು ನಾಲ್ಕು ಪ್ಯಾರಾಚೂಟ್ ಕೇಳಿದ. ಸಿಯಾಟಲ್‌ನಲ್ಲಿ ಕೇಳಿದ್ದೆಲ್ಲ ಸಿಕ್ಕಿತು, ಪ್ರಯಾಣಿಕರನ್ನು ಇಳಿಸಿದ. ವಿಮಾನ ಮತ್ತೆ ಹಾರಿತು. ರಾತ್ರಿ ಎಂಟರ ಆಸುಪಾಸಿನಲ್ಲಿ, ಮಳೆ ಮೋಡಗಳ ನಡುವೆ, ಬೋಯಿಂಗ್ 727ರ ಹಿಂಬದಿಯ ಮೆಟ್ಟಿಲು ಇಳಿಸಿಕೊಂಡು ಜಿಗಿದುಬಿಟ್ಟ. ಆಮೇಲೆ ಅವನನ್ನು ಯಾರೂ ಕಂಡಿಲ್ಲ. ಎಫ್‌ಬಿಐ 2016ರಲ್ಲಿ ತನಿಖೆಯನ್ನೇ ನಿಲ್ಲಿಸಿತು.

ಒತ್ತೆಹಣವೆಲ್ಲ 20 ಡಾಲರ್‌ನ ನೋಟುಗಳು, ಒಟ್ಟು 10,000. ಒಂದು ನೋಟು ಹೆಚ್ಚುಕಡಿಮೆ ಒಂದು ಗ್ರಾಂ ತೂಗುತ್ತದೆ, ಅಂದರೆ ಚೀಲದ ತೂಕ ಹತ್ತು ಕೆ.ಜಿ. ಹತ್ತಿರ. ಕೊಡುವ ಮುಂಚೆಯೇ ಎಲ್ಲ ನೋಟುಗಳ ಕ್ರಮಸಂಖ್ಯೆಯನ್ನು ಮೈಕ್ರೋಫಿಲ್ಮ್ ಮಾಡಿಕೊಂಡಿದ್ದರು. ಆ ಪಟ್ಟಿಯನ್ನು ಆಮೇಲೆ ಜನರಿಗೂ ಬಿಡುಗಡೆ ಮಾಡಿದರು. ಪತ್ರಿಕೆಗಳು ಬಹುಮಾನ ಘೋಷಿಸಿದವು. ಆದರೂ ಚಲಾವಣೆಯಲ್ಲಿ ಒಂದು ನೋಟೂ ಸಿಗಲಿಲ್ಲ.

ಎಂಟು ವರ್ಷ ಕಳೆಯಿತು. 1980ರ ಫೆಬ್ರವರಿಯಲ್ಲಿ ಕೊಲಂಬಿಯಾ ನದಿಯ ದಂಡೆಯ ಟೀನಾ ಬಾರ್ ಎಂಬ ಮರಳ ದಿಬ್ಬಕ್ಕೆ ಒಂದು ಕುಟುಂಬ ವಿಹಾರಕ್ಕೆ ಬಂದಿತ್ತು. ಬೆಂಕಿ ಹಾಕಲು ಮರಳು ಸರಿಸುತ್ತಿದ್ದ ಎಂಟು ವರ್ಷದ ಹುಡುಗನ ಕೈಗೆ ಮೂರು ನೋಟಿನ ಕಟ್ಟು ಸಿಕ್ಕವು. ಒಟ್ಟು 5,800 ಡಾಲರ್. ಅಂಚೆಲ್ಲ ಸವೆದು ದುಂಡಗಾಗಿತ್ತು, ನೋಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸುತ್ತ ರಬ್ಬರ್ ಬ್ಯಾಂಡ್ ಇನ್ನೂ ಇತ್ತು, ಮುಟ್ಟಿದರೆ ಪುಡಿಯಾಗುತ್ತಿತ್ತು. ಕ್ರಮಸಂಖ್ಯೆ ಹೊಂದಿತು. ಅದು ಕೂಪರ್‌ಗೆ ಕೊಟ್ಟ ಹಣವೇ.

ಅಲ್ಲಿಂದ ಶುರುವಾಯಿತು ನೋಡಿ ಊಹೆಗಳ ಜಾತ್ರೆ. ಕೂಪರ್ ನದಿಗೆ ಬಿದ್ದು ಸತ್ತ, ಹಣ ತೇಲಿ ಬಂತು ಎಂದರು ಕೆಲವರು. ಪೊಲೀಸರ ದಾರಿ ತಪ್ಪಿಸಲು ಅವನೇ ಬಂದು ಹೂತ ಎಂದರು ಇನ್ನು ಕೆಲವರು. ವರ್ಷಕ್ಕೊಬ್ಬ ಹೊಸ ಶಂಕಿತ ಹುಟ್ಟಿಕೊಂಡ. ಸಾಯುವ ಹೊತ್ತಿಗೆ ‘ನಾನೇ ಕೂಪರ್’ ಎಂದವರೂ ಇದ್ದಾರೆ. ಎರಡು ಫೋಟೋ ಅಕ್ಕಪಕ್ಕ ಇಟ್ಟು ‘ಮೂಗು ನೋಡಿ, ಹಣೆ ನೋಡಿ’ ಎನ್ನುವುದನ್ನು ಸಾಕ್ಷ್ಯ ಎಂದು ನಂಬುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಮುಖ ನೋಡಿ ಗುಣ ಹೇಳುವವರ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಬೇಕಾದ್ದನ್ನು ಮೊದಲೇ ನಂಬಿ, ಆಮೇಲೆ ಹೋಲಿಕೆ ಹುಡುಕುವುದೇ ಎರಡರಲ್ಲೂ ನಡೆಯುವುದು.

ಈ ಊಹೆಗಳಿಗೆ ನೆಲದ ಇಳಿಜಾರೇ ಅಡ್ಡ ಬಂತು. ಕೂಪರ್ ಜಿಗಿದದ್ದು ಏರಿಯಲ್ ಎಂಬ ಊರಿನ ಸುತ್ತಮುತ್ತ ಎಂದು ಮೊದಲು ಲೆಕ್ಕ ಹಾಕಿದ್ದರು. ಆ ಕಡೆಯ ನೀರೆಲ್ಲ ಲೂಯಿಸ್ ನದಿಗೆ ಸೇರುತ್ತದೆ. ಲೂಯಿಸ್ ಹೋಗಿ ಕೊಲಂಬಿಯಾಕ್ಕೆ ಸೇರುವುದು ಟೀನಾ ಬಾರ್ ದಾಟಿ ಕೆಳಗೆ. ಹಣವೇನು ಹೊಳೆಗೆ ಎದುರಾಗಿ ಈಜಿ ಬರುತ್ತದೆಯೇ? ಆದ್ದರಿಂದ ಮೇಲ್ಗಡೆ ಸೇರುವ ವಾಷೂಗಲ್ ನದಿಯ ಕಡೆಗೆ ಕೆಲವರು ಬೆರಳು ತೋರಿಸಿದರು. ಹಾಗಾದರೆ ವಿಮಾನದ ದಾರಿಯನ್ನೇ ಪೂರ್ವಕ್ಕೆ ಸರಿಸಬೇಕು. ಒಂದು ಗಂಟು ಬಿಚ್ಚಲು ಹೋಗಿ ಇನ್ನೊಂದು ಬಿತ್ತು.

ಆಗ ಪೋರ್ಟ್‌ಲ್ಯಾಂಡ್‌ನ ವಿಶ್ವವಿದ್ಯಾಲಯದ ಭೂವಿಜ್ಞಾನಿ ಲಿಯೊನಾರ್ಡ್ ಪಾಮರ್ ದಿಬ್ಬವನ್ನು ಅಗೆದು ಪದರ ನೋಡಿದರು. 1974ರಲ್ಲಿ ನದಿಯ ಹೂಳೆತ್ತಿ ಅದೇ ದಂಡೆಗೆ ಸುರಿದಿದ್ದರು. ಹಣ ಆ ಹೂಳಿನದು ಎನ್ನಲಾದ ಜೇಡಿ ಪದರಕ್ಕಿಂತ ಮೇಲಿತ್ತು, ಹಾಗಾಗಿ 1974ರ ನಂತರವೇ ಬಂದದ್ದು ಎಂದರು ಪಾಮರ್. ಅಲ್ಲಿಯವರೆಗೆ ಎಲ್ಲರೂ ‘ಎಲ್ಲಿ’ ಎಂದು ಕೇಳುತ್ತಿದ್ದರು, ಪಾಮರ್ ‘ಯಾವಾಗ’ ಎಂದು ಕೇಳಿದರು. ಅವರ ಉತ್ತರವನ್ನು ಮುಂದೆ ಪ್ರಶ್ನಿಸಿದರು, ಆದರೆ ಪ್ರಶ್ನೆ ಉಳಿಯಿತು.

ಪ್ರಶ್ನಿಸಿದವರು ಹವ್ಯಾಸಿಗಳು. ಎಫ್‌ಬಿಐನ ಲ್ಯಾರಿ ಕಾರ್ ಎಂಬ ಅಧಿಕಾರಿ ಹಳೆಯ ಕಡತವನ್ನು ಹೊರಗಿನವರಿಗೂ ತೆರೆದರು. ಟಾಮ್ ಕೇ ಎಂಬುವರ ನೇತೃತ್ವದಲ್ಲಿ ‘ಸಿಟಿಜನ್ ಸ್ಲೂತ್ಸ್’ ತಂಡ ಕಟ್ಟಿಕೊಂಡಿತು. ಕೇ ಮೊದಲು ಪೇಂಟ್‌ಬಾಲ್ ಬಂದೂಕು ತಯಾರಿಸುತ್ತಿದ್ದವರು. ಆಮೇಲೆ ಸ್ವಂತ ಆಸಕ್ತಿಯಿಂದ ಪಳೆಯುಳಿಕೆಗಳ ಅಧ್ಯಯನಕ್ಕೆ ಇಳಿದು ಸಿಯಾಟಲ್‌ನ ಬರ್ಕ್ ಮ್ಯೂಸಿಯಂ ಜೊತೆ ಕೆಲಸ ಮಾಡಿದರು. ಡೈನೋಸಾರ್ ಮೂಳೆಯೊಳಗೆ ಸಿಕ್ಕಿದ ‘ಮೃದು ಅಂಗಾಂಶ’ ನಿಜಕ್ಕೂ ಬ್ಯಾಕ್ಟೀರಿಯಾಗಳ ಲೋಳೆ ಇರಬಹುದು ಎಂದು 2008ರಲ್ಲಿ ಪ್ರಬಂಧ ಬರೆದು ದೊಡ್ಡ ವಾದಕ್ಕೆ ಕಾರಣರಾದವರೂ ಅವರೇ. ಎಲ್ಲರೂ ಒಪ್ಪಿದ್ದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ಮತ್ತೊಮ್ಮೆ ನೋಡುವ ಸ್ವಭಾವ ಅವರದು. ಇಂಥವರನ್ನು ‘ಬರೀ ಹವ್ಯಾಸಿ’ ಎಂದು ತಳ್ಳಿಹಾಕುವುದು ಮಹಾ ತಪ್ಪು.

ಪಾಮರ್ ಹೇಳಿದ ಜೇಡಿ ಪದರ ಹೂಳೆತ್ತಿ ಸುರಿದದ್ದಲ್ಲ, ನದಿ ತಾನಾಗಿಯೇ ಹಾಕಿದ್ದು ಎಂದು ಈ ತಂಡ ವಾದಿಸಿತು. ರಬ್ಬರ್ ಬ್ಯಾಂಡ್‌ಗಳನ್ನು ಬಿಸಿಲಿಗೆ, ನೀರಿಗೆ ಒಡ್ಡಿ ನೋಡಿತು. ಒಂದು ವರ್ಷದೊಳಗೇ ಅವು ಹಾಳಾಗುತ್ತವೆ. ಅಂದರೆ ಕಟ್ಟುಗಳು ಬಹಳ ಕಾಲ ಹೊರಗೆ ಅಲೆದಾಡಿಲ್ಲ, ಬೇಗನೆ ಮರಳಡಿ ಸೇರಿವೆ. ನೋಟುಗಳ ಮೇಲಿನ ಕಪ್ಪು ಬಣ್ಣವನ್ನು ಪರೀಕ್ಷಿಸಿದಾಗ ಬೆಳ್ಳಿ ಕಂಡಿತು. ಅದು ನದಿಯದ್ದಲ್ಲ. 1980ರಲ್ಲಿ ಬೆರಳಚ್ಚು ಹುಡುಕಲು ಹಚ್ಚಿದ ಸಿಲ್ವರ್ ನೈಟ್ರೇಟ್‌ನ ಉಳಿಕೆ. ತನಿಖೆಯೇ ಸಾಕ್ಷ್ಯದ ಮೇಲೆ ಬಣ್ಣ ಬಳಿದಿತ್ತು! ಈಗ ಬೇಕಾಗಿದ್ದದ್ದು ಆಮೇಲೆ ಯಾರೂ ಸೇರಿಸಲಾಗದ, ಕೊಳೆಯದ, ಕಾಲದ ಗುರುತು ಹೊತ್ತ ಒಂದು ವಸ್ತು. ಅದು ನೋಟಿನ ಹತ್ತಿ–ನಾರಿನ ಎಳೆಗಳ ನಡುವೆಯೇ ಸಿಕ್ಕಿಕೊಂಡಿತ್ತು: ಡಯಾಟಮ್.

ಡಯಾಟಮ್ ಒಂದೇ ಕೋಶದ ಪಾಚಿ. ಹೊಳೆಯ ಕಲ್ಲಿನ ಮೇಲೆ ಕಾಲಿಟ್ಟರೆ ಜಾರಿಸುತ್ತದಲ್ಲ, ಆ ಕಂದು ಲೋಳೆಯಲ್ಲಿ ಲಕ್ಷಗಟ್ಟಲೆ ಇರುತ್ತವೆ. ಭೂಮಿಯ ಮೇಲೆ ಉತ್ಪತ್ತಿಯಾಗುವ ಆಮ್ಲಜನಕದಲ್ಲಿ ಐದನೇ ಒಂದು ಭಾಗದಷ್ಟು ಇವುಗಳಿಂದಲೇ ಬರುತ್ತದೆ ಎಂಬ ಅಂದಾಜಿದೆ. ಇವುಗಳ ವಿಶೇಷ ಏನೆಂದರೆ ನೀರಿನಲ್ಲಿ ಕರಗಿದ ಸಿಲಿಕಾ ಹೀರಿಕೊಂಡು ತಮ್ಮ ಸುತ್ತ ಗಾಜಿನ ಕವಚ ಕಟ್ಟಿಕೊಳ್ಳುತ್ತವೆ. ಕವಚಕ್ಕೆ ಎರಡು ಭಾಗ. ನಮ್ಮ ಸ್ಟೀಲ್ ಡಬ್ಬಿಯ ಹಾಗೆ ಒಂದು ತಳ, ಅದರ ಮೇಲೆ ಕೂರುವ ಸ್ವಲ್ಪ ದೊಡ್ಡ ಮುಚ್ಚಳ. ಕೋಶ ಒಡೆದು ಎರಡಾಗುವಾಗ ಒಂದು ಮರಿಗೆ ಮುಚ್ಚಳ ಹೋಗುತ್ತದೆ, ಇನ್ನೊಂದಕ್ಕೆ ತಳ ಹೋಗುತ್ತದೆ. ಎರಡೂ ತಮಗೆ ಸಿಕ್ಕಿದ್ದನ್ನೇ ಮುಚ್ಚಳ ಮಾಡಿಕೊಂಡು ಒಳಗಡೆ ಹೊಸ ತಳ ಕಟ್ಟುತ್ತವೆ. ಹಾಗಾಗಿ ತಳ ಪಡೆದ ಮರಿ ತಾಯಿಗಿಂತ ಚಿಕ್ಕದು. ಅದರ ಮರಿ ಇನ್ನೂ ಚಿಕ್ಕದು. ಹೀಗೆ ಕುಗ್ಗುತ್ತಾ ಕುಗ್ಗುತ್ತಾ ಒಂದು ಮಿತಿ ತಲುಪಿದ ಮೇಲೆ ಲೈಂಗಿಕವಾಗಿ ಕೂಡಿ, ಹಳೆಯ ಕವಚ ಬಿಸಾಕಿ, ಮತ್ತೆ ಪೂರ್ಣ ಗಾತ್ರದಿಂದ ಶುರು ಮಾಡುತ್ತವೆ. ಎಷ್ಟು ಚೆಂದದ ವ್ಯವಸ್ಥೆ ಅಲ್ವಾ!

ಜೀವ ಹೋದರೂ ಈ ಗಾಜು ಸುಲಭವಾಗಿ ಹಾಳಾಗುವುದಿಲ್ಲ. ಕೋಟ್ಯಂತರ ವರ್ಷ ಕೆರೆ, ಕಡಲ ತಳದಲ್ಲಿ ಬಿದ್ದು ಬಿಳಿ ಮಣ್ಣಿನಂತೆ ಗಟ್ಟಿಯಾಗುತ್ತದೆ. ಆಲ್ಫ್ರೆಡ್ ನೊಬೆಲ್ ನೈಟ್ರೋಗ್ಲಿಸರಿನ್ ಎಂಬ ದ್ರವ ಸ್ಫೋಟಕವನ್ನು ಪಳಗಿಸಲು ಒದ್ದಾಡುತ್ತಿದ್ದ ಕಾಲವದು. 1864ರಲ್ಲಿ ಅದೇ ದ್ರವ ಸಿಡಿದು ಅವರ ತಮ್ಮ ಎಮಿಲ್ ತೀರಿಕೊಂಡಿದ್ದರು. ಕೊನೆಗೆ ನೊಬೆಲ್ ಆ ದ್ರವವನ್ನು ಡಯಾಟಮ್ ಮಣ್ಣಿಗೆ ಹೀರಿಸಿದರು. ಕವಚದ ಸಾವಿರಾರು ತೂತುಗಳು ಅದನ್ನು ಕುಡಿದು ಹಿಡಿದಿಟ್ಟುಕೊಂಡವು. 1867ರಲ್ಲಿ ಪೇಟೆಂಟ್ ಪಡೆದ ಡೈನಮೈಟ್ ಎಂದರೆ ಇದೇ. ಕೂಪರ್ ಬ್ರೀಫ್‌ಕೇಸ್ ತೆರೆದು ತೋರಿಸಿದ ಕೆಂಪು ಕಡ್ಡಿಗಳನ್ನು ಗಗನಸಖಿ ಡೈನಮೈಟ್ ಎಂದೇ ತಿಳಿದದ್ದು. ಹಣದ ಸುಳಿವನ್ನು ಕೊನೆಗೆ ಅದೇ ಜಾತಿಯ ಪಾಚಿ ಹೇಳಿತು ಎನ್ನುವುದು ನನಗೆ ಇವತ್ತಿಗೂ ಬೆರಗು.

ಗಾಜು ಉಳಿಯುತ್ತದೆ, ಸರಿ. ಅದು ಕಾಲ ಹೇಗೆ ಹೇಳುತ್ತದೆ? ಎಲ್ಲ ಡಯಾಟಮ್‌ಗಳೂ ವರ್ಷವಿಡೀ ಒಂದೇ ಸಮನೆ ಇರುವುದಿಲ್ಲ. ಆಸ್ಟೀರಿಯೊನೆಲ್ಲಾ ಎಂಬುದನ್ನು ತೆಗೆದುಕೊಳ್ಳಿ. ಉದ್ದನೆಯ ಸಣ್ಣ ಕಡ್ಡಿಯಂಥ ಕೋಶಗಳು ಒಂದು ತುದಿಯಲ್ಲಿ ಕೂಡಿ ನಕ್ಷತ್ರದ ಆಕಾರದಲ್ಲಿ ತೇಲುತ್ತವೆ. ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ 1940ರ ದಶಕದಲ್ಲಿ ಜಾನ್ ಲುಂಡ್ ಎಂಬ ವಿಜ್ಞಾನಿ ಇದರ ಹಿಂದೆ ಬಿದ್ದಿದ್ದರು. ತಪ್ಪದೆ ನೀರು ತೆಗೆದು ಕೋಶ ಎಣಿಸುತ್ತಿದ್ದರು. ಚಳಿಗಾಲದಲ್ಲಿ ಬೆಳಕು ಸಾಲದೆ ಇವು ವಿರಳ. ವಸಂತದಲ್ಲಿ ಬಿಸಿಲು ಏರಿದ ಹಾಗೆ ದುಪ್ಪಟ್ಟಾಗುತ್ತಾ ಹೋಗುತ್ತವೆ. ಒಂದು ದಿನ ಇದ್ದಕ್ಕಿದ್ದಂತೆ ಕುಸಿತ. ಯಾಕೆ? ಕವಚ ಕಟ್ಟಿ ಕಟ್ಟಿ ನೀರಿನ ಸಿಲಿಕಾ ಲೀಟರಿಗೆ ಅರ್ಧ ಮಿಲಿಗ್ರಾಂಗಿಂತ ಕೆಳಗಿಳಿದಿರುತ್ತದೆ. ಗಾಜಿಗೆ ಸಾಮಾನಿಲ್ಲ, ಮರಿ ಹುಟ್ಟುವುದಿಲ್ಲ. ಒಂದೊಂದು ಜಾತಿಗೆ ಬೇಕಾದ ಬೆಳಕು, ತಾಪ, ಸಿಲಿಕಾ ಬೇರೆ ಬೇರೆ. ಆದ್ದರಿಂದ ಒಂದೊಂದು ಜಾತಿಗೆ ಒಂದೊಂದು ಕಾಲ. ಒಂದು ಹನಿ ನೀರಿನಲ್ಲಿ ಯಾವ ಯಾವ ಜಾತಿ ಇದೆ ನೋಡಿದರೆ ಅದು ಯಾವ ಕಾಲದ ನೀರು ಎಂದು ಹೇಳಬಹುದು.

ಪೊಲೀಸ್ ಕೆಲಸಕ್ಕೆ ಡಯಾಟಮ್ ಹೊಸದೇನಲ್ಲ. ನೀರಿನಲ್ಲಿ ಸಿಕ್ಕ ಶವ ಮುಳುಗಿ ಸತ್ತದ್ದೋ, ಸತ್ತ ಮೇಲೆ ಎಸೆದದ್ದೋ ಎಂದು ತಿಳಿಯಲು ನಮ್ಮ ದೇಶದ ಪ್ರಯೋಗಾಲಯಗಳಲ್ಲೂ ಡಯಾಟಮ್ ಪರೀಕ್ಷೆ ಮಾಡುತ್ತಾರೆ. ಹೃದಯ ಬಡಿಯುತ್ತಿರುವಾಗ ನೀರು ಒಳಗೆಳೆದರೆ ಪಾಚಿ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮೂಳೆಯ ಮಜ್ಜೆಯವರೆಗೂ ಹೋಗುತ್ತದೆ. ಮೂಳೆಯನ್ನು ಆಮ್ಲದಲ್ಲಿ ಕರಗಿಸಿದರೆ ಗಾಜು ಉಳಿಯುತ್ತದೆ. ಹೊರಗಿನ ಪಾಚಿ ಸೇರಿಕೊಂಡರೆ ಫಲಿತಾಂಶ ಕೆಡುತ್ತದೆ ಎಂಬ ತಕರಾರು ಇದಕ್ಕಿದೆ, ಅದು ನ್ಯಾಯವಾದದ್ದೇ. ಆದರೆ ಅಲ್ಲಿ ಕೇಳುವುದು ‘ಡಯಾಟಮ್ ಇದೆಯಾ, ಇಲ್ಲವಾ’ ಎಂದು ಮಾತ್ರ. ಟಾಮ್ ಕೇ ಕೇಳಿದ್ದು ‘ಯಾವ ಜಾತಿ’ ಎಂದು.

2020ರಲ್ಲಿ ಕೇ ಮತ್ತು ಮಾರ್ಕ್ ಮೆಲ್ಟ್‌ಜರ್ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ತಾವು ಕಂಡದ್ದನ್ನು ಪ್ರಕಟಿಸಿದರು. ನೋಟಿನಲ್ಲಿ ಡಯಾಟಮ್ ಇತ್ತು, ಆದ್ದರಿಂದ ಒಣಗಿದ ಹಣವನ್ನು ನೇರವಾಗಿ ಮರಳಲ್ಲಿ ಹೂತದ್ದಲ್ಲ. ಸಿಕ್ಕಿದ್ದು ಆಸ್ಟೀರಿಯೊನೆಲ್ಲಾದಂಥ ವಸಂತದ ಜಾತಿಗಳು. ಚಳಿಗಾಲದ ಗುರುತು ಇಲ್ಲ. ಕೂಪರ್ ಜಿಗಿದದ್ದು ನವೆಂಬರ್ ಕೊನೆಯಲ್ಲಿ. ಅಂದು ರಾತ್ರಿಯೇ ಹಣ ನದಿಗೆ ಬಿದ್ದಿದ್ದರೆ ನೋಟಿಗೆ ಅಂಟುತ್ತಿದ್ದದ್ದು ನವೆಂಬರ್‌ನ ಪಾಚಿ. ವರ್ಷಗಟ್ಟಲೆ ನೀರಲ್ಲಿ ತೇಲಿದ್ದರೆ ಎಲ್ಲ ಕಾಲದವೂ ಬೆರೆತಿರಬೇಕಿತ್ತು. ಅಂದರೆ ಅಪಹರಣವಾಗಿ ತಿಂಗಳುಗಳು ಕಳೆದ ಮೇಲೆ, ಒಂದು ವಸಂತದಲ್ಲಿ, ಹಣ ನೀರಿಗೆ ಬಿತ್ತು. ಹೆಚ್ಚು ದಿನ ಅಲ್ಲಿರದೆ ಮರಳಡಿ ಸೇರಿತು.

ಇದರಿಂದ ಏನು ಬಿದ್ದುಹೋಯಿತು ನೋಡಿ. ‘ಕೂಪರ್ ಹಣದ ಸಮೇತ ಕೊಲಂಬಿಯಾಕ್ಕೆ ಬಿದ್ದು ಮುಳುಗಿದ’ ಎಂಬ ಜನಪ್ರಿಯ ಕಥೆ ಈ ಸಾಕ್ಷ್ಯದ ಮುಂದೆ ನಿಲ್ಲುವುದು ಕಷ್ಟ. ಹಾಗೆಂದು ಅವನು ಬದುಕಿದ್ದ, ವಸಂತದಲ್ಲಿ ತಾನೇ ಬಂದು ಹಣ ಎಸೆದ ಎಂದು ಹಾರುವವರೂ ಅಷ್ಟೇ ತಪ್ಪು ಮಾಡುತ್ತಿದ್ದಾರೆ. ಡಯಾಟಮ್ ಕಾಲ ಹೇಳುತ್ತದೆ, ಇಸವಿ ಹೇಳುವುದಿಲ್ಲ, ಕೈ ಯಾರದ್ದು ಎಂದಂತೂ ಹೇಳುವುದೇ ಇಲ್ಲ. ಕೊಲಂಬಿಯಾದಲ್ಲಿ ಬೆಟ್ಟದ ಹಿಮ ಕರಗಿ ನೀರು ಏರುವುದು ಮೇ–ಜೂನ್‌ನಲ್ಲಿ. ದಂಡೆಯ ಮೇಲೆಲ್ಲೋ ಒಣಗಿ ಬಿದ್ದಿದ್ದ ಚೀಲವನ್ನು ಏರಿದ ನದಿ ಎಳೆದುಕೊಂಡಿರಬಹುದು. ಮನುಷ್ಯರು ಮುಟ್ಟಿರಲೂಬಹುದು. ಎರಡಕ್ಕೂ ಜಾಗ ಇದೆ.

ಹೂತ ಮೇಲೆ ನೆರೆ ನೀರು ಬಸಿದು ಪಾಚಿ ಒಳಹೊಕ್ಕಿರಬಹುದಲ್ಲ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಹರಿಯುವ ನೀರಲ್ಲಿ ನೋಟಿನ ಕಟ್ಟು ಅಂಚಿನಲ್ಲಿ ಬಿಚ್ಚಿಕೊಳ್ಳುತ್ತದೆ, ನಡುವೆ ನೀರು ಓಡಾಡುತ್ತದೆ. ಮರಳಡಿಯಲ್ಲಿ ಅದೇ ಕಟ್ಟು ಒತ್ತಿ ಹಲಗೆಯಾಗುತ್ತದೆ. ಉದ್ದನೆಯ ಆಸ್ಟೀರಿಯೊನೆಲ್ಲಾ ಮರಳನ್ನೂ ಕಾಗದವನ್ನೂ ತೂರಿ ಒಳಗಿನ ನೋಟಿಗೆ ತಲುಪುವುದು ಸುಲಭವಲ್ಲ. ಇದನ್ನು ಪರೀಕ್ಷಿಸಲು ದಾರಿಯೂ ಇದೆ. ಸಿಕ್ಕಿದ್ದು 290 ನೋಟು, ಮೂರು ಕಟ್ಟು. 1986ರಲ್ಲಿ ಅವನ್ನು ಹುಡುಗನಿಗೂ ವಿಮಾನ ಸಂಸ್ಥೆಯ ವಿಮಾ ಕಂಪನಿಗೂ ಹಂಚಿದರು, 14 ನೋಟುಗಳನ್ನು ಎಫ್‌ಬಿಐ ಇಟ್ಟುಕೊಂಡಿತು, ಕೆಲವು 2008ರಲ್ಲಿ ಹರಾಜಾಗಿ ಸಂಗ್ರಾಹಕರ ಮನೆ ಸೇರಿದವು. ಆ ಮನೆಗಳ ಗಾಜಿನ ಚೌಕಟ್ಟಿನಿಂದ ಒಂದೊಂದು ನೋಟನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಹೊರತೆಗೆದು ಜಾತಿ ಎಣಿಸಿದರೆ ಸಾಕು. ಮೂರೂ ಕಟ್ಟಿನಲ್ಲಿ ಒಂದೇ ವಸಂತದ ಪಾಚಿ ಇದ್ದರೆ ಅವು ಒಟ್ಟಿಗೆ ಒಂದೇ ಸಲ ನೆನೆದವು ಎನ್ನಬಹುದು. ಬೇರೆ ಬೇರೆ ಇದ್ದರೆ, ಮೂರು ಕಟ್ಟೂ ಒಂದೇ ಜಾಗಕ್ಕೆ ಬಂದದ್ದಕ್ಕೆ ನದಿಯೊಂದೇ ಕಾರಣ ಎನ್ನುವ ವಾದ ಬಹಳ ದುರ್ಬಲವಾಗುತ್ತದೆ.