ತೆರಿಗೆ ಬಾಕಿ ಇದ್ದರೆ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಬಹುದಾ?

ಪ್ರಶ್ನೆ: ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಯಿತು. ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಒಂದು ವರ್ಷದ ತೆರಿಗೆ ಬಾಕಿ ಇದೆ, ಕಂತಿನಲ್ಲಿ ಕಟ್ಟುತ್ತಿದ್ದೇನೆ. ಮೈಸೂರಿನ ಮನೆ ಬಾಡಿಗೆಯನ್ನು ಇಲ್ಲಿನ ರಿಟರ್ನ್‌ನಲ್ಲಿ ತೋರಿಸಿಲ್ಲ. ಪೌರತ್ವದ ಅರ್ಜಿ ಎನ್-400 ಹಾಕಿದರೆ ನಡತೆ ಸರಿಯಿಲ್ಲ ಅಂತ ತಳ್ಳಿಹಾಕುತ್ತಾರಾ?

ಉತ್ತರ: ಹಾಕಬಹುದು, ಆದರೆ ಈಗಲೇ ಬೇಡ. ನೀವು ಹೆದರಿರುವುದು ಬಾಕಿಗೆ. ನನಗೆ ಚಿಂತೆ ಆ ಬಾಡಿಗೆಯದು.

ಬಾಕಿ ಇದೆಯಾ ಅಂತ ಎನ್-400 ನೇರವಾಗಿಯೇ ಕೇಳುತ್ತದೆ. ‘ಹೌದು’ ಅಂತ ಗುರುತು ಹಾಕಿ. ಕಂತಿನ ಒಪ್ಪಂದದ ಪತ್ರ, ಇಲ್ಲಿಯವರೆಗೆ ಕಟ್ಟಿದ ಲೆಕ್ಕ ಜೊತೆಗಿಡಿ. ಕಂತು ತಪ್ಪದೆ ಕಟ್ಟುತ್ತಿದ್ದರೆ ಸಾಮಾನ್ಯವಾಗಿ ಅಷ್ಟಕ್ಕೇ ಅರ್ಜಿ ಬೀಳುವುದಿಲ್ಲ. ಸುಮ್ನೆ ‘ಇಲ್ಲ’ ಅಂದುಬಿಟ್ಟರೆ ಕಥೆ ಬೇರೆ. ಸಂದರ್ಶನದಲ್ಲಿ ಪ್ರಮಾಣ ಮಾಡಿಸಿಯೇ ಪ್ರಶ್ನೆ ಕೇಳುತ್ತಾರೆ. ಪೌರತ್ವ ಸಿಗಲಿ ಅಂತ ಅಲ್ಲಿ ಸುಳ್ಳು ಹೇಳಿದರೆ, ಬಾಕಿ ಎಷ್ಟೇ ಚಿಕ್ಕದಿರಲಿ, ಆ ಸುಳ್ಳೇ ನಡತೆಗೆ ಕಪ್ಪುಚುಕ್ಕೆ.

ಈಗ ಬಾಡಿಗೆಗೆ ಬರೋಣ. ಗ್ರೀನ್ ಕಾರ್ಡ್ ಇದ್ದವರು ಜಗತ್ತಿನ ಯಾವ ಮೂಲೆಯ ಆದಾಯವನ್ನಾದರೂ ಅಮೆರಿಕಕ್ಕೆ ತೋರಿಸಬೇಕು. ‘ಊರಲ್ಲೇ ಟಿಡಿಎಸ್ ಹಿಡಿದಿದ್ದಾರಲ್ವಾ’ ಅಂದರೆ ನಡೆಯುವುದಿಲ್ಲ. ಹಾಗಂತ ಎರಡು ಕಡೆ ಪೂರ್ತಿ ಕಟ್ಟಬೇಕು ಅಂತಲೂ ಅಲ್ಲ. ಅಲ್ಲಿ ಕಟ್ಟಿದ ತೆರಿಗೆಗೆ ಫಾರ್ಮ್ 1116ರಲ್ಲಿ ಕ್ರೆಡಿಟ್ (ಇಲ್ಲಿನ ತೆರಿಗೆಯಲ್ಲಿ ಕಡಿತ) ಕೇಳಬಹುದು. ನಮ್ಮವರು ಜಾಸ್ತಿ ಎಡವುವುದು ಅನಿವಾಸಿ ಭಾರತೀಯರ ಎನ್‌ಆರ್‌ಇ ಖಾತೆಯ ಬಡ್ಡಿಯಲ್ಲಿ. ಭಾರತದಲ್ಲಿ ಅದಕ್ಕೆ ತೆರಿಗೆ ಇಲ್ಲ, ಇಲ್ಲಿ ಇದೆ. ಮೇಲಾಗಿ ಊರಿನ ಬ್ಯಾಂಕು ಕೊಡುವ ಬಡ್ಡಿ ಪ್ರಮಾಣಪತ್ರ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಇಲ್ಲಿನ ಲೆಕ್ಕ ಜನವರಿಯಿಂದ ಡಿಸೆಂಬರ್‌. ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ತಿಂಗಳು ತಿಂಗಳು ಕೂಡಿಸದೆ ಬೇರೆ ದಾರಿ ಇಲ್ಲ.

ಹಳೇ ರಿಟರ್ನ್‌ಗಳನ್ನು ತಿದ್ದುಪಡಿ ಫಾರ್ಮ್ 1040-ಎಕ್ಸ್‌ನಲ್ಲಿ ತಿದ್ದಿ, ಬರುವ ತೆರಿಗೆ ಕಟ್ಟಿ, ಆಮೇಲೆ ಪೌರತ್ವದ ಅರ್ಜಿ ಹಾಕಿ. ಗೊತ್ತಿದ್ದೇ ಬಚ್ಚಿಟ್ಟಿದ್ದರೆ ಮಾತ್ರ ತಿದ್ದುವ ಮುಂಚೆಯೇ ತೆರಿಗೆ ವಕೀಲರನ್ನು ನೋಡಿ. ಇದೇ ಓಟದಲ್ಲಿ ಎಫ್‌ಬಿಎಆರ್ (ಅಮೆರಿಕದ ಹೊರಗಿನ ಖಾತೆಗಳ ವರದಿ) ಕೂಡ ನೋಡಿಕೊಳ್ಳಿ: ವಿದೇಶಿ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದ್ದರೂ ತಿಳಿಸಬೇಕು. ಅಪ್ಪನ ಎಫ್‌ಡಿಯಲ್ಲಿ ನಿಮ್ಮ ಹೆಸರು ಜಂಟಿಯಾಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಗ್ರೀನ್ ಕಾರ್ಡ್ ಬಂದ ಮೇಲೆ ಯಾವ ವರ್ಷವಾದರೂ ಅನಿವಾಸಿಗಳ ರಿಟರ್ನ್ 1040-ಎನ್‌ಆರ್ ಹಾಕಿದ್ದೀರಾ? ಹಾಕಿದ್ದರೆ ಇದು ಬಾಡಿಗೆಗಿಂತ ದೊಡ್ಡ ತಲೆನೋವು. ನಾನು ಇಲ್ಲಿನ ನಿವಾಸಿಯೇ ಅಲ್ಲ ಅಂತ ನೀವೇ ಬರೆದುಕೊಟ್ಟ ಹಾಗೆ. ಎನ್-400 ಇದನ್ನೂ ಕೇಳುತ್ತದೆ. ವಲಸೆ ವಕೀಲರಿಲ್ಲದೆ ಮುಂದೆ ಹೋಗಬೇಡಿ.

2025ರ ಆಗಸ್ಟ್‌ನಲ್ಲಿ ಪೌರತ್ವದ ಅರ್ಜಿ ನೋಡುವ ವಲಸೆ ಇಲಾಖೆ ಯುಎಸ್‌ಸಿಐಎಸ್ ನಡತೆಯ ಪರಿಶೀಲನೆಯನ್ನು ಬಿಗಿ ಮಾಡಿತು. ಅಪರಾಧ ಇಲ್ಲ ಅಂದರಷ್ಟೇ ಸಾಲದು, ಒಳ್ಳೆಯದೇನಿದೆ ಅಂತಲೂ ನೋಡುತ್ತಾರೆ. ತೆರಿಗೆ ಸರಿಯಾಗಿ ಕಟ್ಟಿರುವುದು, ಹಳೇ ಬಾಕಿ ತೀರಿಸಿರುವುದು ನಿಮ್ಮ ಪರವಾಗಿ ನಿಲ್ಲುತ್ತವೆ. ಐಆರ್‌ಎಸ್ ಟ್ರಾನ್ಸ್‌ಕ್ರಿಪ್ಟ್ (ನಿಮ್ಮ ತೆರಿಗೆ ದಾಖಲೆಯ ಪ್ರತಿ) ಪುಕ್ಕಟೆ ಸಿಗುತ್ತದೆ, ಐದು ವರ್ಷದ್ದೂ ತೆಗೆದಿಡಿ. ಅಮೆರಿಕದ ಪ್ರಜೆಯನ್ನು ಮದುವೆಯಾದ ಆಧಾರದ ಮೇಲೆ ಹಾಕುವವರಿಗೆ ಮೂರು ವರ್ಷದ್ದು.

ಅರ್ಜಿ ಹಾಕಿದ ದಿನಕ್ಕೆ ನಡತೆಯ ಈ ಪರೀಕ್ಷೆ ಮುಗಿಯುವುದಿಲ್ಲ, ಪೌರತ್ವದ ಪ್ರಮಾಣ ವಚನದ ದಿನದವರೆಗೂ ನಡೆಯುತ್ತದೆ. ನಡುವೆ ಏಪ್ರಿಲ್ 15 ಬಂದರೆ ಆ ವರ್ಷದ ರಿಟರ್ನ್ ಕೂಡ ಹೊತ್ತಿಗೆ ಸರಿಯಾಗಿ ಹಾಕಿ, ಅದರಲ್ಲಿ ಮೈಸೂರಿನ ಬಾಡಿಗೆಯೂ ಇರಲಿ.