ಹದಿನಾರು ವಾರಗಳ ನಡುವೆ ಬಿಟ್ಟುಹೋಗುವವರು

ಬಿ.ಇಡಿ. ಕಾಲೇಜುಗಳಲ್ಲಿ ಪ್ರತಿ ವರ್ಷ ಎಷ್ಟು ಸೀಟು ತುಂಬಿದವೆಂದು ಎಲ್ಲರೂ ಕೇಳುತ್ತಾರೆ. ಸೇರಿದವರಲ್ಲಿ ಎಷ್ಟು ಮಂದಿ ಕೋರ್ಸ್ ಮುಗಿಸಿ ತರಗತಿಯಲ್ಲಿ ನಿಂತರೆಂದು ಕೇಳುವವರು ಕಡಿಮೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಬಿ.ಇಡಿ. ಎರಡು ವರ್ಷದ್ದಾಯಿತು, ಎರಡನೆಯ ವರ್ಷದಲ್ಲಿ 16 ವಾರಗಳ ಶಾಲಾ ಇಂಟರ್ನ್‌ಶಿಪ್ ಬಂತು, ಅದಕ್ಕೆ ಶೇ. 90ರಷ್ಟು ಹಾಜರಾತಿ ಕಡ್ಡಾಯವಾಯಿತು. ಈ ಬದಲಾವಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ನನ್ನ ಅನುಭವದಲ್ಲಿ ಪ್ರಶಿಕ್ಷಣಾರ್ಥಿಗಳು ಕೈಬಿಡುವುದು ಸಿದ್ಧಾಂತದ ಪರೀಕ್ಷೆಗೆ ಹೆದರಿ ಅಲ್ಲ, ಈ ಹದಿನಾರು ವಾರಗಳ ಮೊದಲ ತಿಂಗಳಲ್ಲಿ.

ಕೆಲವು ವರ್ಷಗಳ ಹಿಂದೆ ರೈತ ಕುಟುಂಬದ ವಿದ್ಯಾರ್ಥಿನಿಯೊಬ್ಬಳನ್ನು ನಾವು ಎರಡು ಬಸ್ ಬದಲಿಸಿ ಹೋಗಬೇಕಾದ ಪ್ರೌಢಶಾಲೆಗೆ ಕಳುಹಿಸಿದ್ದೆವು. ಮಾರ್ಗದರ್ಶಿ ಶಿಕ್ಷಕರು ಚುನಾವಣಾ ಕೆಲಸದ ಮೇಲೆ ಹೋಗಿದ್ದರಿಂದ ಅವರ ಅವಧಿಗಳೆಲ್ಲ ಇವಳ ಪಾಲಿಗೆ ಬಂದವು. ಐದನೆಯ ವಾರ ಅವಳು ಬರಲಿಲ್ಲ. ಫೋನ್ ಮಾಡಿದಾಗ, "ಮೇಡಂ, ನಾನು ಮಾಡಿದ ಪಾಠ ಸರಿಯೋ ತಪ್ಪೋ ಅಂತ ಇವತ್ತಿನವರೆಗೆ ಒಬ್ಬರೂ ಹೇಳಲಿಲ್ಲ" ಎಂದಳು. ಅವಳ ಪಾಠಯೋಜನೆಯ ಪುಸ್ತಕದಲ್ಲಿ ವೀಕ್ಷಕರ ಅಭಿಪ್ರಾಯದ ಜಾಗ ಖಾಲಿಯಿತ್ತು. ಆ ತಪ್ಪಿನಲ್ಲಿ ನಮ್ಮ ಪಾಲೂ ಇತ್ತು.

ಅಂದಿನಿಂದ ಬಸ್ಸಿನ ವೇಳಾಪಟ್ಟಿ ನೋಡದೆ ನಾವು ಶಾಲೆ ಹಂಚುವುದಿಲ್ಲ, ಒಂದು ಶಾಲೆಗೆ ಒಬ್ಬರನ್ನೇ ಕಳುಹಿಸುವುದಿಲ್ಲ, ಮೊದಲ ವಾರದಲ್ಲೇ ಉಪನ್ಯಾಸಕರೊಬ್ಬರು ಹೋಗಿ ಪೂರ್ತಿ ಒಂದು ಪಾಠ ಕುಳಿತು ನೋಡಿ, ಅದೇ ದಿನ ಪ್ರಶಿಕ್ಷಣಾರ್ಥಿಯೊಂದಿಗೆ ಮಾತಾಡುತ್ತಾರೆ. ಹಣದ ಕಷ್ಟ ಮಾತ್ರ ನಮ್ಮ ಕೈಮೀರಿದ್ದು: ಬಹಳ ಮಂದಿ ಅಂಗಡಿಯಲ್ಲೋ ಟ್ಯೂಷನ್ನಿನಲ್ಲೋ ದುಡಿಯುತ್ತ ಓದುವವರು, ಇಂಟರ್ನ್‌ಶಿಪ್ ಶುರುವಾದೊಡನೆ ಆ ಸಂಪಾದನೆ ನಿಲ್ಲುತ್ತದೆ. ಹಾಗಾಗಿಯೇ "ನಾನ್-ಅಟೆಂಡಿಂಗ್" ಸೀಟು, ಅಂದರೆ ತರಗತಿಗೆ ಬಾರದೆಯೇ ಓದುವ ಸೀಟು, ಕೊಡುವ ಕಾಲೇಜುಗಳ ಕಡೆಗೆ ಅವರು ತಿರುಗುತ್ತಾರೆ. ಅಲ್ಲಿ ಪದವಿ ಸಿಕ್ಕೀತು, ಪಾಠ ಮಾಡುವ ಧೈರ್ಯ ಸಿಗುವುದಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಅವಧಿಯಲ್ಲಿ ಶಿಷ್ಯವೇತನವಿರುವಂತೆ ಇವರಿಗೂ ಈ ನಾಲ್ಕು ತಿಂಗಳಿಗೆ ಸರ್ಕಾರ ಒಂದು ಮೊತ್ತ ಕೊಡಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ದಾಖಲಾತಿಯ ಹೊತ್ತಿನಲ್ಲೂ ಪ್ರಾಮಾಣಿಕತೆ ಬೇಕು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ ಬಿ.ಇಡಿ. ಪದವಿಯು ಒಂದರಿಂದ ಐದನೆಯ ತರಗತಿಯ ಶಿಕ್ಷಕ ಹುದ್ದೆಗೆ ಅರ್ಹತೆಯಾಗುವುದಿಲ್ಲ. ಪುಟ್ಟ ಮಕ್ಕಳಿಗೆ ಕಲಿಸುವ ಆಸೆಯಿಂದ ಬಂದವರಿಗೆ ಇದನ್ನು ಅರ್ಜಿ ಕೊಡುವಾಗಲೇ ತಿಳಿಸಿ, ಪ್ರಾಥಮಿಕ ಶಾಲಾ ಶಿಕ್ಷಕರ ಡಿಪ್ಲೊಮಾ ಆದ ಡಿ.ಎಲ್.ಇಡಿ.ಗೆ ಹೋಗಲು ಹೇಳಬೇಕು. ಬಿ.ಇಡಿ.ಗೆ ಬರಬಯಸುವ ಪದವಿಯ ಕೊನೆಯ ವರ್ಷದವರನ್ನು ಎರಡು ದಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕೂರಿಸುವ ಕ್ರಮವನ್ನೂ ನಾವು ಆರಂಭಿಸಿದ್ದೇವೆ. ಕೆಲವರು ಅಲ್ಲಿಂದಲೇ ಬೇರೆ ದಾರಿ ಹಿಡಿದರು. ಅರ್ಜಿ ಹಾಕಿದವರು ಎಂಟನೆಯ ತರಗತಿಯ ಗದ್ದಲವನ್ನು ಕಂಡು ಬಂದವರು.